ಫ್ಯಾನ್ ಇಲ್ಲದ ಕಾಲದ ಕಚೇರಿ

ಮಕ್ಕಳೇ, ಮೇ ತಿಂಗಳ ಒಂದು ಮಧ್ಯಾಹ್ನವನ್ನು ನೆನಪು ಮಾಡಿಕೊಳ್ಳಿ. ಹೊರಗೆ ಬಿಸಿಲು ಉರಿಯುತ್ತಿದೆ. ಕರೆಂಟ್ ಹೋಗಿದೆ. ಫ್ಯಾನ್ ನಿಂತಿದೆ. ತಗಡಿನ ಮನೆಯಾದರೆ ಒಳಗೆ ಕೂರಲು ಆಗುವುದಿಲ್ಲ. ಸಿಮೆಂಟಿನ ಮನೆಯಾದರೂ ಮಾಳಿಗೆಯಿಂದ ಸೆಕೆ ಇಳಿಯುತ್ತದೆ. ಕಲಬುರಗಿಯಲ್ಲಿ ಬೇಸಿಗೆಯ ತಾಪಮಾನ 42 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸದೇನಲ್ಲ.

ಈಗ ಒಂದು ಪ್ರಶ್ನೆ. ನೂರು ವರ್ಷಗಳ ಹಿಂದೆಯೂ ಇಲ್ಲಿ ಬೇಸಿಗೆ ಇತ್ತು. ಆದರೆ ಫ್ಯಾನ್ ಇರಲಿಲ್ಲ, ಕೂಲರ್ ಇರಲಿಲ್ಲ. ಆದರೂ ಗಿರಣಿಯ ಕಚೇರಿಯಲ್ಲಿ, ರೈಲ್ವೆ ಕಚೇರಿಯಲ್ಲಿ ಗುಮಾಸ್ತರು ದಿನವಿಡೀ ಕುಳಿತು ಲೆಕ್ಕ ಬರೆಯುತ್ತಿದ್ದರು. ಬೆವರು ತೊಟ್ಟಿಕ್ಕಿ ಪುಸ್ತಕದ ಶಾಯಿ ಹರಡಿದರೆ ಲೆಕ್ಕವೇ ಕೆಡುತ್ತಿತ್ತು! ಹಾಗಾದರೆ ಅವರು ಹೇಗೆ ಕೆಲಸ ಮಾಡುತ್ತಿದ್ದರು? ಉತ್ತರ ಆ ಕಟ್ಟಡಗಳ ಗೋಡೆ, ಮಾಳಿಗೆ, ಕಿಟಕಿಗಳಲ್ಲಿದೆ. ಬನ್ನಿ, ಒಂದೊಂದಾಗಿ ನೋಡೋಣ.

ಹತ್ತಿ, ರೈಲು, ಗಿರಣಿ

ಕಲಬುರಗಿಯ ಸುತ್ತಮುತ್ತ ಕಪ್ಪು ಮಣ್ಣಿನ ಹೊಲಗಳಿವೆ. ಈ ಮಣ್ಣು ತೊಗರಿಗೆ, ಜೋಳಕ್ಕೆ, ಹತ್ತಿಗೆ ಒಳ್ಳೆಯದು. ಮುಂಬಯಿಯಿಂದ ಹೊರಟ ರೈಲು ಮಾರ್ಗ ಕಲಬುರಗಿ, ಶಹಾಬಾದ್, ವಾಡಿಗಳನ್ನು ಹಾದು 1871ರಲ್ಲಿ ರಾಯಚೂರು ಮುಟ್ಟಿತು. ಇದನ್ನು ಹಾಕಿದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಎಂಬ ಕಂಪನಿ. ರೈಲು ಬಂದ ಮೇಲೆ ಕಲ್ಲಿದ್ದಲು, ಯಂತ್ರಗಳನ್ನು ತರುವುದು ಸುಲಭವಾಯಿತು. ನೂಲು, ಬಟ್ಟೆಗಳನ್ನು ದೂರದ ಪೇಟೆಗೆ ಕಳಿಸುವುದೂ ಸುಲಭವಾಯಿತು.

ಆಗ ಕಲಬುರಗಿ ಹೈದರಾಬಾದಿನ ನಿಜಾಮರ ಆಡಳಿತದಲ್ಲಿತ್ತು. 1869ರಿಂದ 1911ರವರೆಗೆ ಆಳಿದ 6ನೇ ನಿಜಾಮ ಮೆಹಬೂಬ್ ಅಲಿ ಖಾನ್ ಅವರ ಕಾಲದಲ್ಲಿ ಇಲ್ಲಿ ಬಟ್ಟೆ ಗಿರಣಿ ಬಂತು. ಅದರ ಹೆಸರು ಮೆಹಬೂಬ್ ಶಾಹಿ ಕಲಬುರಗಿ ಮಿಲ್. ಇದನ್ನೇ ಜನರು ಚಿಕ್ಕದಾಗಿ ಎಂ.ಎಸ್.ಕೆ. ಮಿಲ್ ಎಂದು ಕರೆದರು. ಗಿರಣಿಯ ಯಂತ್ರಗಳು ನಿಂತು ಬಹಳ ವರ್ಷಗಳಾದವು. ಆದರೂ ಆ ಬಡಾವಣೆಗೆ ಇವತ್ತಿಗೂ ಅದೇ ಹೆಸರು ಉಳಿದಿದೆ.

ಗಿರಣಿಗೆ ಕಚೇರಿ ಏಕೆ ಬೇಕು? ಎಷ್ಟು ಹತ್ತಿ ಬಂತು, ಎಷ್ಟು ನೂಲು ಹೊರಟಿತು, ಯಾರು ಕೆಲಸಕ್ಕೆ ಬಂದರು, ಯಾರಿಗೆ ಎಷ್ಟು ಕೂಲಿ ಎಂಬುದನ್ನೆಲ್ಲ ಬರೆದಿಡಬೇಕಲ್ಲವೇ? ಆದ್ದರಿಂದ ಆ ಕಾಲದ ಗಿರಣಿಗಳಲ್ಲಿ ಸಾಮಾನ್ಯವಾಗಿ ಕಚೇರಿ ದೊಡ್ಡ ಬಾಗಿಲಿನ ಹತ್ತಿರವೇ ಇರುತ್ತಿತ್ತು. ಒಳಗೆ ಬರುವವರನ್ನೂ ಹೋಗುವವರನ್ನೂ ಅಲ್ಲಿಂದ ನೋಡಬಹುದಿತ್ತು. ಯಂತ್ರಗಳ ಗದ್ದಲ, ಹತ್ತಿಯ ದೂಳು, ಬೆಂಕಿಯ ಭಯ ಇವುಗಳಿಂದ ಅದು ದೂರವೂ ಇರುತ್ತಿತ್ತು.

ಗೋಡೆ ಏಕೆ ದಪ್ಪ?

ಹಳೆಯ ಕಚೇರಿಯ ಕಿಟಕಿಯನ್ನು ನೋಡಿದರೆ ಗೋಡೆಯ ದಪ್ಪ ತಿಳಿಯುತ್ತದೆ. ಕಲ್ಲಿನ ಗೋಡೆ ಒಂದೂವರೆ, ಎರಡು ಅಡಿ ದಪ್ಪವಿರುವುದು ಸಾಮಾನ್ಯ. ಭಾರ ಹೊರುವುದಕ್ಕೆ ಇಷ್ಟು ದಪ್ಪ ಬೇಕಿತ್ತು. ಅದರ ಜೊತೆಗೆ ಇನ್ನೊಂದು ಲಾಭವೂ ಇತ್ತು.

ಒಲೆಯ ಮೇಲೆ ಒಂದು ಲೋಟ ನೀರು ಬೇಗ ಕಾಯುತ್ತದೆ. ಒಂದು ಹಂಡೆ ನೀರು ಕಾಯಲು ಬಹಳ ಹೊತ್ತು ಬೇಕು. ಹಾಗೆಯೇ ತೆಳು ತಗಡು ಕ್ಷಣದಲ್ಲಿ ಕಾಯುತ್ತದೆ. ದಪ್ಪ ಕಲ್ಲಿನ ಗೋಡೆ ನಿಧಾನವಾಗಿ ಕಾಯುತ್ತದೆ. ಗೋಡೆಯ ಹೊರಮೈಗೆ ಬೆಳಿಗ್ಗೆ ಬಿದ್ದ ಬಿಸಿ ಉಷ್ಣ ವಹನದಿಂದ ಕಣದಿಂದ ಕಣಕ್ಕೆ ಸಾಗಿ ಒಳಮೈಗೆ ಬರಬೇಕು. ಎರಡು ಅಡಿ ದಪ್ಪದ ಗೋಡೆಯಲ್ಲಿ ಇದಕ್ಕೆ ಹತ್ತು ಗಂಟೆಗೂ ಹೆಚ್ಚು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಸಂಜೆಯಾಗಿ ಗುಮಾಸ್ತರು ಮನೆಗೆ ಹೋಗಿರುತ್ತಾರೆ! ಬಿಸಿ ಒಳಗೆ ಬಂದಾಗ ಅಲ್ಲಿ ಯಾರೂ ಇರುವುದಿಲ್ಲ. ರಾತ್ರಿ ಗೋಡೆ ತಣ್ಣಗಾಗಿ ಮರುದಿನಕ್ಕೆ ಸಿದ್ಧವಾಗುತ್ತದೆ.

ಮನೆಯ ಮಾತು ಬೇರೆ. ದಪ್ಪ ಗೋಡೆಯ ಮನೆ ರಾತ್ರಿ ಬಿಸಿಯನ್ನು ಒಳಗೆ ಬಿಡುತ್ತದೆ. ನಮ್ಮ ಭಾಗದಲ್ಲಿ ಬೇಸಿಗೆಯಲ್ಲಿ ಜನ ಮಾಳಿಗೆಯ ಮೇಲೆ, ಅಂಗಳದಲ್ಲಿ ಮಲಗುತ್ತಿದ್ದುದು ಏಕೆಂದು ಈಗ ತಿಳಿಯಿತೇ?

ಮಾಳಿಗೆ ಏಕೆ ಎತ್ತರ?

ಬಿಸಿಯಾದ ಗಾಳಿ ಹಿಗ್ಗುತ್ತದೆ. ಹಿಗ್ಗಿದಾಗ ಅದರ ಸಾಂದ್ರತೆ ಕಡಿಮೆಯಾಗುತ್ತದೆ. ಹಗುರವಾದ ಗಾಳಿ ಮೇಲಕ್ಕೆ ಏರುತ್ತದೆ. ಎತ್ತರದ ಕೋಣೆಯಲ್ಲಿ ಈ ಬಿಸಿ ಗಾಳಿ ನಮ್ಮ ತಲೆಗಿಂತ ಬಹಳ ಮೇಲೆ ಸೇರುತ್ತದೆ. ಅಲ್ಲಿ ಗೋಡೆಯಲ್ಲಿ ಚಿಕ್ಕ ಕಿಂಡಿಗಳಿದ್ದರೆ ಹೊರಗೆ ಹೋಗುತ್ತದೆ. ಹೋದ ಗಾಳಿಯ ಜಾಗ ಖಾಲಿ ಇರಲು ಸಾಧ್ಯವಿಲ್ಲ. ಕೆಳಗಿನ ಕಿಟಕಿ, ಬಾಗಿಲುಗಳಿಂದ ನೆರಳಿನ ಗಾಳಿ ಒಳಗೆ ಬರುತ್ತದೆ. ಇದು ಉಷ್ಣ ಸಂವಹನ. ಯಾವ ಯಂತ್ರವೂ ಇಲ್ಲದೆ ಗಾಳಿ ತಾನೇ ಓಡಾಡುತ್ತದೆ.

ನೆರಳಿನ ಗಾಳಿ ಎಂದೆವಲ್ಲ, ಅದು ಎಲ್ಲಿಂದ? ಕಚೇರಿಯ ಮುಂದೆ ಕಂಬಗಳ ಪಡಸಾಲೆ ಇರುತ್ತಿತ್ತು. ಅದು ಗೋಡೆಗೆ ಬಿಸಿಲು ತಾಗದಂತೆ ಕೊಡೆ ಹಿಡಿದಂತೆ ನಿಲ್ಲುತ್ತಿತ್ತು. ಕಿಟಕಿಗಳಿಗೆ ಮರದ ಅಡ್ಡಪಟ್ಟಿಗಳ ಬಾಗಿಲುಗಳಿರುತ್ತಿದ್ದವು. ಪಟ್ಟಿಗಳು ಓರೆಯಾಗಿರುವುದರಿಂದ ಬಿಸಿಲು ಒಳಗೆ ಬಾರದು. ಗಾಳಿ ಮಾತ್ರ ಬರುತ್ತದೆ.

ಸೂರ್ಯ ಎಲ್ಲಿದ್ದಾನೆ?

ಕಲಬುರಗಿ ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣದ ಆಕಾಶದಲ್ಲಿ ಸುಮಾರು 49 ಡಿಗ್ರಿ ಎತ್ತರದಲ್ಲಿ ಮಾತ್ರ ಇರುತ್ತಾನೆ. ಆಗ ಬಿಸಿಲು ಓರೆಯಾಗಿ ದಕ್ಷಿಣದ ಪಡಸಾಲೆಯ ಒಳಕ್ಕೆ ಇಣುಕುತ್ತದೆ. ಚಳಿಗಾಲದಲ್ಲಿ ಇದು ಹಿತ. ಮೇ 2ನೇ ವಾರದಲ್ಲಿ ಮತ್ತು ಆಗಸ್ಟ್ ಮೊದಲ ವಾರದಲ್ಲಿ ಮಧ್ಯಾಹ್ನದ ಸೂರ್ಯ ನೇರವಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕೋಲಿನ ನೆರಳು ಆ ಕ್ಷಣ ಕಾಣಿಸುವುದೇ ಇಲ್ಲ. ಇದನ್ನು ಶೂನ್ಯ ನೆರಳಿನ ದಿನ ಎನ್ನುತ್ತಾರೆ.

ಅಂದರೆ ಬೇಸಿಗೆಯ ಮಧ್ಯಾಹ್ನ ಅತಿ ಹೆಚ್ಚು ಪೆಟ್ಟು ತಿನ್ನುವುದು ಮಾಳಿಗೆ. ಅದಕ್ಕೇ ಹಿಂದಿನವರು ಮಾಳಿಗೆಗೆ ದಪ್ಪನೆಯ ಮಣ್ಣು, ಸುಣ್ಣದ ಗಚ್ಚು ಹಾಕುತ್ತಿದ್ದರು.

ನೂಲುವ, ನೇಯುವ ದೊಡ್ಡ ಶೆಡ್ಡುಗಳಿಗೆ ಬೆಳಕು ಬಹಳ ಬೇಕು. ಎಳೆ ತುಂಡಾದರೆ ಕೂಡಲೇ ಕಾಣಬೇಕು. ಆದರೆ ನೇರ ಬಿಸಿಲು ಬರಬಾರದು. ಇದಕ್ಕಾಗಿ ಗರಗಸದ ಹಲ್ಲಿನಂತೆ ಏರಿಳಿಯುವ ಛಾವಣಿ ಮಾಡುತ್ತಿದ್ದರು. ಪ್ರತಿ ಹಲ್ಲಿನ ಕಡಿದಾದ ಬದಿಗೆ ಗಾಜು. ಆ ಗಾಜಿನ ಮುಖ ಉತ್ತರಕ್ಕೆ. ವರ್ಷದ ಹೆಚ್ಚಿನ ದಿನಗಳಲ್ಲಿ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕಿರುವುದರಿಂದ ಉತ್ತರದ ಗಾಜಿನಿಂದ ತಿಳಿ ಬೆಳಕು ಮಾತ್ರ ಬರುತ್ತದೆ. ನೀವು ರೈಲಿನಲ್ಲಿ ಹೋಗುವಾಗ ಇಂಥ ಛಾವಣಿ ಕಂಡರೆ ಉತ್ತರ ದಿಕ್ಕು ಯಾವುದೆಂದು ಊಹಿಸಬಹುದು!

ಕಲ್ಲು ಎಲ್ಲಿಂದ ಬಂತು?

ಕಮಲಾಪುರದ ಕೆಂಪು ಬಾಳೆ ನಿಮಗೆ ಗೊತ್ತಲ್ಲವೇ? ಅಲ್ಲಿನ ಮಣ್ಣು, ನೀರು, ಗಾಳಿಗೆ ಅದು ಹೊಂದಿಕೊಂಡಿದೆ. ಅದಕ್ಕೆಂದೇ ಅದಕ್ಕೆ ಭೌಗೋಳಿಕ ಸೂಚಿಕೆಯ ಗುರುತು ಸಿಕ್ಕಿದೆ. ಹಳೆಯ ಕಟ್ಟಡಗಳೂ ಹಾಗೆಯೇ. ಅವು ತಾವು ನಿಂತ ನೆಲದಿಂದಲೇ ಹುಟ್ಟಿದವು. ಭಾರವಾದ ಕಲ್ಲನ್ನು ದೂರದಿಂದ ಎಳೆದು ತರುವುದು ಕಷ್ಟ. ಹತ್ತಿರ ಏನಿದೆಯೋ ಅದರಲ್ಲೇ ಕಟ್ಟಬೇಕಿತ್ತು.

ನಮ್ಮ ಜಿಲ್ಲೆಯಲ್ಲಿ ಎರಡು ಬಗೆಯ ಕಲ್ಲು ಮುಖ್ಯ. ಒಂದು, ಕಲಬುರಗಿ ಕೋಟೆಯಲ್ಲಿ ಕಾಣುವ ಕಪ್ಪು ಬಸಾಲ್ಟ್ ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಹರಿದ ಲಾವಾರಸ ಆರಿ ಈ ಕಲ್ಲಾಯಿತು. ಇದು ಅಗ್ನಿಶಿಲೆ. ಇದೇ ಕಲ್ಲು ಸವೆದು ನಮ್ಮ ಕಪ್ಪು ಮಣ್ಣಾಗಿದೆ.

ಇನ್ನೊಂದು, ಶಹಾಬಾದಿನ ಸುಣ್ಣದ ಕಲ್ಲು. ಇದು ಬಸಾಲ್ಟಿಗಿಂತಲೂ ಬಹಳ ಹಳೆಯದು. ಹತ್ತಾರು ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಸಮುದ್ರದ ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾಯಿತು. ಇದು ಕಣಶಿಲೆ. ಪದರಗಳಿರುವುದರಿಂದ ಉಳಿ ಹಾಕಿ ಎಬ್ಬಿಸಿದರೆ ಹಲಗೆಯಂತೆ ಬಿಡಿಸಿಕೊಳ್ಳುತ್ತದೆ. ಇದೇ ನಾವು ನೆಲಕ್ಕೆ ಹಾಸುವ ಫರ್ಸಿ. ಉಕ್ಕಿನ ಗರ್ಡರುಗಳ ಮೇಲೆ ಫರ್ಸಿ ಹಾಸಿ ಮಾಳಿಗೆಯನ್ನೂ ಮಾಡುತ್ತಿದ್ದರು. ನಿಮ್ಮ ಶಾಲೆಯ ನೆಲಕ್ಕೂ ಫರ್ಸಿ ಹಾಸಿದ್ದರೆ, ನೀವು ಪ್ರತಿದಿನ ಒಂದು ಹಳೆಯ ಸಮುದ್ರದ ತಳದ ಮೇಲೆ ನಡೆಯುತ್ತಿದ್ದೀರಿ!

ಮತ್ತೆ ಕಲ್ಲಾಗುವ ಸುಣ್ಣ

ಕಲ್ಲುಗಳನ್ನು ಅಂಟಿಸಲು ಏನು ಬಳಸುತ್ತಿದ್ದರು? ಭಾರತದಲ್ಲಿ ಸಿಮೆಂಟ್ ಕಾರ್ಖಾನೆ ಯಶಸ್ವಿಯಾಗಿ ನಡೆಯತೊಡಗಿದ್ದು 1914ರಲ್ಲಿ, ಗುಜರಾತಿನ ಪೋರಬಂದರಿನಲ್ಲಿ. ಆಮೇಲೆ ಶಹಾಬಾದಿನಲ್ಲೂ ಸಿಮೆಂಟ್ ಕಾರ್ಖಾನೆ ಬಂತು. 1936ರಲ್ಲಿ ಹಲವು ಸಿಮೆಂಟ್ ಕಂಪನಿಗಳು ಸೇರಿ ಎ.ಸಿ.ಸಿ. ಎಂಬ ಒಂದೇ ಕಂಪನಿಯಾದಾಗ ಶಹಾಬಾದಿನದೂ ಅದರಲ್ಲಿ ಸೇರಿತು. ಅದಕ್ಕೂ ಮುಂಚಿನ ಕಟ್ಟಡಗಳೆಲ್ಲ ಹೆಚ್ಚಾಗಿ ಸುಣ್ಣದ ಗಾರೆಯವು.

ಸುಣ್ಣದ ಕಲ್ಲೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಇದನ್ನು ಗೂಡಿನಲ್ಲಿ ಹಾಕಿ ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ ಇಂಗಾಲದ ಡೈ ಆಕ್ಸೈಡ್ ಹೊರಗೆ ಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಬುಸುಗುಟ್ಟಿ, ಬಿಸಿಯಾಗಿ, ಅರಳಿ ಹಿಟ್ಟಾಗುತ್ತದೆ. ಈ ಸುಣ್ಣಕ್ಕೆ ಮರಳು ಸೇರಿಸಿ, ಎತ್ತು ಕಟ್ಟಿದ ಕಲ್ಲಿನ ಗಾಣದಲ್ಲಿ ಅರೆದು ಗಾರೆ ಮಾಡುತ್ತಿದ್ದರು. ಗೋಡೆಯಲ್ಲಿ ಕೂತ ಗಾರೆ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಅಂದರೆ ಕಲ್ಲು ಸುಣ್ಣವಾಗಿ, ಸುಣ್ಣ ಮತ್ತೆ ಕಲ್ಲಾಯಿತು!

ಸುಣ್ಣದ ಗಾರೆಯಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ಮಳೆಗಾಲದಲ್ಲಿ ಗೋಡೆ ಹೀರಿದ ನೀರು ಬಿಸಿಲು ಬಂದಾಗ ಆ ರಂಧ್ರಗಳಿಂದ ಆವಿಯಾಗಿ ಹೊರಗೆ ಹೋಗುತ್ತದೆ. ಈ ವಿಷಯ ನೆನಪಿರಲಿ. ಮುಂದೆ ಬೇಕಾಗುತ್ತದೆ.

ಮಾಡಿ ನೋಡಿ 1: ಶಿಕ್ಷಕರ ಸಹಾಯದಿಂದ ಸ್ವಲ್ಪ ತಿಳಿ ಸುಣ್ಣದ ನೀರನ್ನು ಗಾಜಿನ ಲೋಟದಲ್ಲಿ ತೆಗೆದುಕೊಳ್ಳಿ. ಕೊಳವೆಯಿಂದ ಮೆಲ್ಲಗೆ ಊದಿ. ನೀರನ್ನು ಬಾಯಿಗೆ ಎಳೆದುಕೊಳ್ಳಬೇಡಿ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ನಿಮ್ಮ ಉಸಿರಿನ ಇಂಗಾಲದ ಡೈ ಆಕ್ಸೈಡ್ ಸುಣ್ಣದೊಡನೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಕಣಗಳಾಗಿವೆ. ಗೋಡೆಯಲ್ಲಿ ಬಹಳ ಕಾಲ ನಡೆಯುವ ಕೆಲಸವನ್ನು ನೀವು ಒಂದು ನಿಮಿಷದಲ್ಲಿ ಕಂಡಿರಿ. ಸುಟ್ಟ ಸುಣ್ಣವನ್ನು ಮಾತ್ರ ಕೈಯಲ್ಲಿ ಮುಟ್ಟಬೇಡಿ. ಅದು ಚರ್ಮ, ಕಣ್ಣುಗಳನ್ನು ಸುಡುತ್ತದೆ.

ಕಮಾನಿನ ಗುಟ್ಟು

ಕಲ್ಲಿಗೆ ಒತ್ತಡವನ್ನು ತಡೆಯುವ ಶಕ್ತಿ ಬಹಳ. ಎಳೆತವನ್ನು ತಡೆಯುವ ಶಕ್ತಿ ಕಡಿಮೆ. ಬಾಗಿಲಿನ ಮೇಲೆ ಉದ್ದನೆಯ ಕಲ್ಲನ್ನು ಅಡ್ಡ ಇಟ್ಟರೆ ಮೇಲಿನ ಭಾರಕ್ಕೆ ಅದು ಸ್ವಲ್ಪ ಬಾಗುತ್ತದೆ. ಆಗ ಅದರ ಕೆಳಮೈ ಎಳೆತಕ್ಕೆ ಸಿಕ್ಕಿ ಬಿರುಕು ಬಿಡಬಹುದು. ಕಮಾನಿನಲ್ಲಿ ಹಾಗಾಗುವುದಿಲ್ಲ. ಪ್ರತಿ ಕಲ್ಲೂ ಪಕ್ಕದ ಕಲ್ಲನ್ನು ಒತ್ತುತ್ತಾ ಭಾರವನ್ನು ಎರಡೂ ಬದಿಯ ಗೋಡೆಗೆ ಸಾಗಿಸುತ್ತದೆ.

ಈ ವಿದ್ಯೆ ಗಿರಣಿಗಳ ಕಾಲದ್ದಲ್ಲ. ಕಲಬುರಗಿ 1347ರಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾಯಿತು. ಕೋಟೆಯೊಳಗಿನ ಜಾಮಿ ಮಸೀದಿಯನ್ನು 1367ರಲ್ಲಿ ಕಟ್ಟಲಾಯಿತು. ಬೇರೆ ಮಸೀದಿಗಳಲ್ಲಿ ಇರುವಂತೆ ಇದರ ನಡುವೆ ತೆರೆದ ಅಂಗಳವಿಲ್ಲ. ಇಡೀ ಜಾಗವನ್ನು ಗುಮ್ಮಟಗಳಿಂದ ಮುಚ್ಚಲಾಗಿದೆ. ಆ ಭಾರವನ್ನೆಲ್ಲ ಕಮಾನುಗಳ ಸಾಲು ಹೊತ್ತಿದೆ. ಬದಿಯ ಅಗಲವಾದ ಕಮಾನುಗಳಿಂದ ಬೆಳಕು, ಗಾಳಿ ಬರುತ್ತವೆ. ಕರೆಂಟ್ ಇಲ್ಲದೆ ದೊಡ್ಡ ಕಟ್ಟಡವನ್ನು ನೆರಳಾಗಿ, ಬೆಳಕಾಗಿ ಇಡುವುದನ್ನು ನಮ್ಮ ಊರಿನವರು 650 ವರ್ಷಗಳ ಹಿಂದೆಯೇ ಬಲ್ಲವರಾಗಿದ್ದರು.

ಮಾಡಿ ನೋಡಿ 2: ಒಂದೇ ಎತ್ತರದ ಎರಡು ಪುಸ್ತಕದ ಗುಡ್ಡೆಗಳನ್ನು ಸ್ವಲ್ಪ ದೂರದಲ್ಲಿ ಇಡಿ. ಮೇಲೆ ಒಂದು ರಟ್ಟಿನ ಪಟ್ಟಿ ಹಾಸಿ ನಾಣ್ಯಗಳನ್ನು ಒಂದೊಂದಾಗಿ ಇಡಿ. ಎಷ್ಟು ನಾಣ್ಯಕ್ಕೆ ಪಟ್ಟಿ ಬಾಗಿತು? ಈಗ ಅಷ್ಟೇ ಉದ್ದದ ಇನ್ನೊಂದು ಪಟ್ಟಿಯನ್ನು ಕಮಾನಿನಂತೆ ಬಗ್ಗಿಸಿ, ಅದರ ತುದಿಗಳು ಗುಡ್ಡೆಗಳಿಗೆ ಒತ್ತಿಕೊಳ್ಳುವಂತೆ ಹಾಸಿದ ಪಟ್ಟಿಯ ಕೆಳಗೆ ನಿಲ್ಲಿಸಿ. ಈಗ ಎಷ್ಟು ನಾಣ್ಯ ತಡೆಯಿತು?

ತಂಪು ಎಲ್ಲರಿಗೂ ಸಿಕ್ಕಿತೇ?

ಇಲ್ಲಿ ಒಂದು ಮಾತನ್ನು ಮರೆಯಬಾರದು. ತಂಪಾಗಿದ್ದುದು ಕಚೇರಿ. ನೂಲುವ ಶೆಡ್ಡಿನ ಕಥೆ ಬೇರೆ. ಗಾಳಿ ಒಣಗಿದ್ದರೆ ಹತ್ತಿಯ ಎಳೆ ಬೇಗ ತುಂಡಾಗುತ್ತದೆ. ಆದ್ದರಿಂದ ಅಲ್ಲಿ ಗಾಳಿಯನ್ನು ತೇವವಾಗಿ ಇಡುತ್ತಿದ್ದರು. ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ. ಯಂತ್ರಗಳ ಬಿಸಿ ಬೇರೆ. ಕಾರ್ಮಿಕರು ಆ ಸೆಕೆಯಲ್ಲಿ, ಹತ್ತಿಯ ದೂಳಿನಲ್ಲಿ ದುಡಿಯುತ್ತಿದ್ದರು.

ಕಚೇರಿಗಳಲ್ಲಿ ಸಾಹೇಬರ ತಲೆಯ ಮೇಲೆ ಬಟ್ಟೆಯ ತೂಗು ಪಂಖಾ ಇರುತ್ತಿತ್ತು. ಅದರ ಹಗ್ಗವನ್ನು ಹೊರಗೆ ಕುಳಿತ ಒಬ್ಬ ಮನುಷ್ಯ ದಿನವಿಡೀ ಎಳೆಯಬೇಕಿತ್ತು. ಒಳಗಿನವರಿಗೆ ಗಾಳಿ, ಅವನಿಗೆ ಸೆಕೆ!

ಮಕ್ಕಳೂ ದುಡಿಯುತ್ತಿದ್ದ ಕಾಲವದು. ಬ್ರಿಟಿಷರು ನೇರವಾಗಿ ಆಳುತ್ತಿದ್ದ ಭಾಗಗಳಲ್ಲಿ 1881ರ ಕಾರ್ಖಾನೆ ಕಾಯ್ದೆ 7 ವರ್ಷದೊಳಗಿನ ಮಕ್ಕಳನ್ನು ಮಾತ್ರ ಕೆಲಸಕ್ಕೆ ಹಚ್ಚಬಾರದೆಂದಿತು. 7ರಿಂದ 12 ವರ್ಷದವರು ದಿನಕ್ಕೆ 9 ಗಂಟೆ ದುಡಿಯಬಹುದಿತ್ತು. ಈಗ ನೀವು ಶಾಲೆಯಲ್ಲಿ ಕುಳಿತು ಇದನ್ನು ಓದುತ್ತಿದ್ದೀರಿ. ಹಳೆಯ ಗಿರಣಿಯ ಗೋಡೆಗಳು ಈ ಕಥೆಯನ್ನೂ ನಮಗೆ ನೆನಪಿಸಬೇಕು.

ಕಡಲಾಚೆಯ ಒಂದು ಕಚೇರಿ

ಅಮೆರಿಕದ ಬಫಲೋ ನಗರದಲ್ಲಿ ಲಾರ್ಕಿನ್ ಎಂಬ ಸಾಬೂನಿನ ಕಂಪನಿ ಇತ್ತು. ಅದರ ಕಚೇರಿ ಕಟ್ಟಡ 1906ರಲ್ಲಿ ಸಿದ್ಧವಾಯಿತು. ರೂಪಿಸಿದವರು ಫ್ರಾಂಕ್ ಲಾಯ್ಡ್ ರೈಟ್ ಎಂಬ ಹೆಸರಾಂತ ವಾಸ್ತುಶಿಲ್ಪಿ. ಅಲ್ಲಿನ ತೊಂದರೆ ರೈಲುಗಳ ಹೊಗೆ, ಕಲ್ಲಿದ್ದಲಿನ ಮಸಿ. ಅದಕ್ಕಾಗಿ ಅವರು ಕಿಟಕಿಗಳನ್ನು ಭದ್ರವಾಗಿ ಮುಚ್ಚಿದರು. ಗಾಳಿಯನ್ನು ಕೊಳವೆಗಳಿಂದ ಒಳಗೆಳೆದು, ನೀರಿನಿಂದ ತೊಳೆದು, ಹದ ಮಾಡಿ ಕೋಣೆಗಳಿಗೆ ಕಳಿಸಿದರು. ಕಟ್ಟಡದ ನಡುವಿನ ಎತ್ತರದ ಅಂಗಳಕ್ಕೆ ಗಾಜಿನ ಛಾವಣಿಯಿಂದ ಬೆಳಕು ಬರುತ್ತಿತ್ತು. ನಮ್ಮ ಹಳೆಯ ಕಚೇರಿ ಗಾಳಿಯನ್ನು ಓಡಾಡಲು ಬಿಟ್ಟಿತು. ಲಾರ್ಕಿನ್ ಕಚೇರಿ ಗಾಳಿಯನ್ನು ಯಂತ್ರದಿಂದ ಹದ ಮಾಡಿತು. ಇಂದಿನ ಏರ್ ಕಂಡೀಷನ್ ಕಚೇರಿಗಳಿಗೆ ಅದು ಅಜ್ಜ ಇದ್ದಂತೆ.

ಆದರೆ ಆ ಕಂಪನಿ ನಷ್ಟಕ್ಕೆ ಬಿತ್ತು. 1950ರಲ್ಲಿ ಕಟ್ಟಡವನ್ನು ಕೆಡವಿದರು. ಅಲ್ಲಿ ಉಳಿದದ್ದು ಇಟ್ಟಿಗೆಯ ಒಂದೇ ಒಂದು ಕಂಬ. ಇವತ್ತಿಗೂ ವಾಸ್ತುಶಿಲ್ಪ ಓದುವವರು ಆ ಕಟ್ಟಡದ ಫೋಟೋ ನೋಡಿ ಮರುಗುತ್ತಾರೆ.

ಇನ್ನೊಂದು ಉದಾಹರಣೆ ನೋಡಿ. ಕಲಬುರಗಿಗೆ ರೈಲು ತಂದ ಕಂಪನಿ ತನ್ನ ಮುಖ್ಯ ಕಚೇರಿಯನ್ನೂ ನಿಲ್ದಾಣವನ್ನೂ ಸೇರಿಸಿ ಮುಂಬಯಿಯಲ್ಲಿ 1878ರಲ್ಲಿ ಕಟ್ಟಲಾರಂಭಿಸಿತು. ಕಟ್ಟಿ ಮುಗಿಸಲು ಸುಮಾರು 10 ವರ್ಷ ಹಿಡಿಯಿತು. ಅದೇ ಇಂದಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್. 2004ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. ಮಧ್ಯ ರೈಲ್ವೆಯ ಮುಖ್ಯ ಕಚೇರಿ ಇಂದಿಗೂ ಅಲ್ಲೇ ಇದೆ. ಹಳೆಯ ಕಟ್ಟಡವನ್ನು ಬಳಸುತ್ತಲೇ ಉಳಿಸಬಹುದು ಎಂಬುದಕ್ಕೆ ಇದು ಸಾಕ್ಷಿ.

ಉಳಿಸುವುದು ಹೇಗೆ?

ಕೋಟೆ, ಅರಮನೆ, ಗುಡಿ, ಮಸೀದಿಗಳನ್ನು ಉಳಿಸಬೇಕೆಂದು ಎಲ್ಲರೂ ಹೇಳುತ್ತಾರೆ. ಕಲಬುರಗಿ ಕೋಟೆ ಸರ್ಕಾರದ ರಕ್ಷಣೆಯಲ್ಲಿದೆ. ಆದರೆ ಗಿರಣಿಯ ಕಚೇರಿ, ಹಳೆಯ ಗೋದಾಮು, ನೀರಿನ ಟ್ಯಾಂಕಿಗಳನ್ನು ಯಾರು ಗಮನಿಸುತ್ತಾರೆ? ಪ್ರಾಚೀನ ಸ್ಮಾರಕಗಳ 1958ರ ಕೇಂದ್ರ ಕಾಯ್ದೆಯ ಪ್ರಕಾರ ಸ್ಮಾರಕವಾಗಲು ಕಟ್ಟಡಕ್ಕೆ ಕನಿಷ್ಠ 100 ವರ್ಷ ತುಂಬಿರಬೇಕು. ತುಂಬಿದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ. ಸರ್ಕಾರ ಅದನ್ನು ಗುರುತಿಸಿ ಘೋಷಿಸಬೇಕು. 1930ರ ಕಟ್ಟಡಕ್ಕೆ 100 ತುಂಬುವುದು 2030ರಲ್ಲಿ. ಅಷ್ಟರೊಳಗೆ ಅದು ಬಿದ್ದುಹೋದರೆ?

ಕೆಲವೊಮ್ಮೆ ಉಳಿಸಲು ಹೋಗಿಯೇ ಕೆಡಿಸುವುದುಂಟು. ಸುಣ್ಣದ ಗಾರೆ ಉದುರಿದ ಜಾಗಕ್ಕೆ ಸಿಮೆಂಟ್ ಮೆತ್ತುತ್ತಾರೆ. ಸಿಮೆಂಟ್ ಗಟ್ಟಿ. ಗೋಡೆಯೊಳಗಿನ ನೀರಾವಿಯನ್ನು ಅದು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಒಳಗೇ ಸಿಕ್ಕಿಕೊಂಡ ನೀರು ಪಕ್ಕದ ಕಲ್ಲಿನಿಂದ ಹೊರಬರಲು ನೋಡುತ್ತದೆ. ನೀರಿನೊಡನೆ ಬಂದ ಉಪ್ಪು ಕಲ್ಲಿನ ಮೈಯಲ್ಲಿ ಹರಳುಗಟ್ಟಿ ಕಲ್ಲನ್ನೇ ಸಿಪ್ಪೆಯಂತೆ ಏಳಿಸುತ್ತದೆ. ಸುಣ್ಣದ ಗೋಡೆಗೆ ಸುಣ್ಣವೇ ಮದ್ದು.

ಇನ್ನೂ ಒಂದು ಕಾರಣಕ್ಕೆ ಇವು ಮುಖ್ಯ. ಈಗ ಗಾಜಿನ ಮುಖದ ಕಟ್ಟಡಗಳು ಹೆಚ್ಚುತ್ತಿವೆ. ಗಾಜು ಬಿಸಿಲನ್ನು ಒಳಗೆ ಬಿಟ್ಟು ಬಿಸಿಯನ್ನು ಹಿಡಿದಿಡುತ್ತದೆ. ಆ ಬಿಸಿಯನ್ನು ಹೊರಹಾಕಲು ವಿದ್ಯುತ್ ಸುಡಬೇಕು. ಭೂಮಿಯ ತಾಪ ಏರುತ್ತಿರುವ ಈ ಕಾಲದಲ್ಲಿ ನೆರಳು, ದಪ್ಪ ಗೋಡೆ, ಗಾಳಿಯ ಕಿಂಡಿಗಳ ಪಾಠ ನಮಗೆ ಬೇಕೇ ಬೇಕು. ಆ ಪಾಠದ ಪುಸ್ತಕಗಳೇ ಹಳೆಯ ಕಟ್ಟಡಗಳು.

ನೀವೇನು ಮಾಡಬಹುದು?

ನಿಮ್ಮ ಊರಿನಲ್ಲಿ 50 ವರ್ಷಕ್ಕಿಂತ ಹಳೆಯ ಒಂದು ಕಟ್ಟಡವನ್ನು ಹುಡುಕಿ. ಅದು ಹಳೆಯ ಶಾಲೆ, ಅಂಚೆ ಕಚೇರಿ, ರೈಲು ನಿಲ್ದಾಣ, ಹತ್ತಿ ಗಿರಣಿ ಯಾವುದೂ ಆಗಿರಬಹುದು. ಶಿಕ್ಷಕರ ಜೊತೆ ಹೋಗಿ. ಪಾಳು ಬಿದ್ದ ಕಟ್ಟಡದ ಒಳಗೆ ಮಾತ್ರ ಹೋಗಬೇಡಿ, ಹೊರಗಿನಿಂದಲೇ ನೋಡಿ. ಗೋಡೆಯ ದಪ್ಪವನ್ನು ಅಳೆಯಿರಿ. ಕಲ್ಲು ಯಾವುದೆಂದು ಗುರುತಿಸಿ. ಮೇಲಿನ ಕಿಂಡಿಗಳನ್ನು ಎಣಿಸಿ. ಬಾಗಿಲು ಯಾವ ದಿಕ್ಕಿಗಿದೆ? ಮಧ್ಯಾಹ್ನ ಮತ್ತು ಸಂಜೆ ಗೋಡೆಯ ಹೊರಮೈ, ಒಳಮೈಗಳನ್ನು ಮುಟ್ಟಿ ನೋಡಿ ಬರೆದುಕೊಳ್ಳಿ. ಚಿತ್ರ ಬಿಡಿಸಿ.

ಆಮೇಲೆ ಅಲ್ಲಿ ದುಡಿದ ಅಜ್ಜ ಅಜ್ಜಿಯರು ಇದ್ದರೆ ಹೋಗಿ ಮಾತಾಡಿಸಿ. ಎಷ್ಟು ಗಂಟೆಗೆ ಕೆಲಸ ಶುರುವಾಗುತ್ತಿತ್ತು, ಕೂಲಿ ಯಾವ ಕಿಟಕಿಯಲ್ಲಿ ಕೊಡುತ್ತಿದ್ದರು, ಬೇಸಿಗೆಯಲ್ಲಿ ಎಲ್ಲಿ ಕುಳಿತು ರೊಟ್ಟಿ ತಿನ್ನುತ್ತಿದ್ದರು ಎಂದು ಕೇಳಿ. ದಿನಾಂಕ ಹಾಕಿ ಬರೆದು ಶಾಲೆಯ ಗ್ರಂಥಾಲಯದಲ್ಲಿ ಇಡಿ. ಲಾರ್ಕಿನ್ ಕಟ್ಟಡ ಹೋಯಿತು. ಅದರ ನಕ್ಷೆ, ಫೋಟೋಗಳು ಉಳಿದದ್ದರಿಂದಲೇ ಇಂದು ನಾವು ಅದರ ಬಗ್ಗೆ ಓದಲು ಸಾಧ್ಯವಾಯಿತು. ನಿಮ್ಮ ಊರಿನ ಕಟ್ಟಡದ ಬಗ್ಗೆ ನೀವು ಬರೆದ ನಾಲ್ಕು ಪುಟಗಳೂ ಮುಂದೊಂದು ದಿನ ಯಾರಿಗೋ ಬೇಕಾಗಬಹುದು.